ಮನೆಯ ಕುಬರ್ನೆಟೀಸ್ ಸರ್ವಿಸ್‌ಗಳು ಮನೆಯವರ ಫೋನಿಗೆ ಸಿಗಬೇಕಾದರೆ: ಬಿಜಿಪಿ ಹೇಗೆ ಕೆಲಸ ಮಾಡುತ್ತದೆ

ಮನೆಯಲ್ಲಿ ಕುಬರ್ನೆಟೀಸ್ (ಹಲವು ಯಂತ್ರಗಳ ಮೇಲೆ ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳೋ ಸಾಫ್ಟ್‌ವೇರ್) ಹಾಕೋದು ಈಗ ದೊಡ್ಡ ವಿಷಯ ಅಲ್ಲ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಮೂರು ಇದ್ದರೆ ಸಾಕು, ಅದರ ಹಗುರ ರೂಪ ಕೆ3ಎಸ್ ಒಂದೇ ಕಮಾಂಡ್‌ನಲ್ಲಿ ಬಂದು ಕೂರುತ್ತದೆ. ಇಲ್ಲಿ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಇದೆ. ಫೋಟೋಗಳಿಗೆ ಇಮ್ಮಿಚ್, ಹೊಲದ ಉತಾರ ಮತ್ತು ತೆರಿಗೆ ಪಾವತಿಗಳ ಸ್ಕ್ಯಾನ್ ಇಡೋಕೆ ಪೇಪರ್‌ಲೆಸ್, ಜಾಹೀರಾತು ತಡೆಯೋಕೆ ಆಡ್‌ಗಾರ್ಡ್ ಹೋಮ್. ಪಾಡ್‌ಗಳೆಲ್ಲ, ಅಂದರೆ ಈ ಆ್ಯಪ್‌ಗಳು ಓಡೋ ಕಂಟೇನರ್‌ಗಳೆಲ್ಲ, ಎದ್ದು 'ರನ್ನಿಂಗ್' ಅಂತ ತೋರಿಸುತ್ತವೆ. ಅಲ್ಲಿಂದ ಮುಂದೆ ಶುರುವಾಗುತ್ತದೆ ನಿಜವಾದ ಪ್ರಶ್ನೆ: ಪಡಸಾಲೆಯಲ್ಲಿ ಕೂತ ಅವ್ವನ ಫೋನಿನಲ್ಲಿ ಇದು ತೆರೆಯೋದು ಹೇಗೆ?

ಯಾಕೆ ಸೀದಾ ತೆರೆಯೋದಿಲ್ಲ ಅಂತ ಮೊದಲು ನೋಡೋಣ. ಕೆ3ಎಸ್‌ನಲ್ಲಿ ಪಾಡ್‌ಗಳಿಗೆ 10.42.0.0/16ರೊಳಗಿನ ವಿಳಾಸ ಸಿಗುತ್ತದೆ, ಸರ್ವಿಸ್‌ಗಳಿಗೆ (ಪಾಡ್ ಎಲ್ಲಿದ್ದರೂ ಅದಕ್ಕೆ ತಲುಪಿಸೋ ಸ್ಥಿರ ಬಾಗಿಲುಗಳಿಗೆ) 10.43.0.0/16ರೊಳಗಿನದು. ಈ ಎರಡೂ ಕ್ಲಸ್ಟರ್‌ನ (ಈ ಯಂತ್ರಗಳ ಗುಂಪಿನ) ಒಳಗಷ್ಟೇ ಗೊತ್ತಿರೋ ವಿಳಾಸಗಳು. ಫೋನು 10.43.12.7ಕ್ಕೆ ಪ್ಯಾಕೆಟ್ ಕಳಿಸಿದರೆ ಅದು ಮನೆಯ ರೂಟರಿಗೆ ಹೋಗುತ್ತದೆ. ರೂಟರಿಗೆ ಆ ವಿಳಾಸದ ಗಂಧ ಗಾಳಿ ಇರೋದಿಲ್ಲ, ಹಾಗಾಗಿ ಇಂಟರ್‌ನೆಟ್ ಕಡೆ ತಳ್ಳುತ್ತದೆ. ಅಲ್ಲಿಗೆ ಆ ಪ್ಯಾಕೆಟ್ ಕಥೆ ಮುಗೀತು.

ಹೆಚ್ಚಿನವರು ಇದಕ್ಕೆ ನೋಡ್‌ಪೋರ್ಟ್ ಬಳಸುತ್ತಾರೆ. 30000ರಿಂದ 32767ರವರೆಗಿನ ಒಂದು ಪೋರ್ಟ್ ಎಲ್ಲಾ ನೋಡ್‌ಗಳಲ್ಲೂ, ಅಂದರೆ ಕ್ಲಸ್ಟರ್‌ನ ಎಲ್ಲಾ ಯಂತ್ರಗಳಲ್ಲೂ ತೆರೆದುಕೊಳ್ಳುತ್ತದೆ, ಯಾವುದಾದರೂ ಒಂದು ನೋಡ್‌ನ ವಿಳಾಸದ ಮುಂದೆ ಆ ಪೋರ್ಟ್ ಬರೆದರೆ ಕೆಲಸ ಆಗುತ್ತದೆ. ಆದರೆ ಫೋನಿನ ಬುಕ್‌ಮಾರ್ಕ್‌ನಲ್ಲಿ ಆಗ ಇರೋದು ಆ ಒಂದು ಯಂತ್ರದ ವಿಳಾಸ. ಆ ಯಂತ್ರ ಕೆಟ್ಟ ದಿನ ಪಾಡ್ ತಾನಾಗಿಯೇ ಬೇರೆ ನೋಡ್‌ಗೆ ಹೋಗಿ ಚೆನ್ನಾಗಿ ಓಡುತ್ತಿರುತ್ತದೆ, ಮನೆಯವರಿಗೆ ಮಾತ್ರ ಏನೂ ತೆರೆಯೋದಿಲ್ಲ. ಕ್ಲಸ್ಟರ್ ಮಾಡಿದ್ದೇ ಒಂದು ಯಂತ್ರ ಹೋದರೂ ಕೆಲಸ ನಿಲ್ಲಬಾರದು ಅಂತ ಅಲ್ವಾ? ಹಾಗಿರುವಾಗ ಬಾಗಿಲನ್ನು ಒಂದೇ ಯಂತ್ರಕ್ಕೆ ಕಟ್ಟಿ ಹಾಕಿದರೆ ಏನು ಬಂತು?

ನಮಗೆ ಬೇಕಿರೋದು ಯಾವ ಯಂತ್ರಕ್ಕೂ ಸೇರದ, ಸರ್ವಿಸ್‌ಗೇ ಸೇರಿದ ಒಂದು ವಿಳಾಸ. ಕುಬರ್ನೆಟೀಸ್‌ನಲ್ಲಿ ಇದಕ್ಕೆ 'ಲೋಡ್‌ಬ್ಯಾಲೆನ್ಸರ್' ಅನ್ನೋ ಸರ್ವಿಸ್ ಬಗೆ ಇದೆ. ಕ್ಲೌಡ್‌ನಲ್ಲಾದರೆ ಆ ಪದ ಬರೆದ ಕೂಡಲೇ ಆ ಕಂಪನಿಯವರ ವ್ಯವಸ್ಥೆ ಒಂದು ವಿಳಾಸ ತಂದುಕೊಡುತ್ತದೆ. ಮನೆಯಲ್ಲಿ ಕೊಡೋರು ಯಾರೂ ಇಲ್ಲ, ಹಾಗಾಗಿ ಹೊರಗಿನ ವಿಳಾಸದ ಕಾಲಂನಲ್ಲಿ 'ಪೆಂಡಿಂಗ್' ಅಂತ ಬಂದು ಹಾಗೇ ನಿಂತಿರುತ್ತದೆ. ಕೆ3ಎಸ್ ಜೊತೆ ಸರ್ವಿಸ್‌ಎಲ್‌ಬಿ ಅಂತ ಒಂದು ಬರುತ್ತದೆ. ಅದು ನೋಡ್‌ಗಳ ಸ್ವಂತ ವಿಳಾಸವನ್ನೇ ಕೊಡುತ್ತದೆ, ಹಾಗಾಗಿ ಎರಡು ಸರ್ವಿಸ್‌ಗೆ 443ನೇ ಪೋರ್ಟೇ ಬೇಕಾದರೆ ಜಗಳ ಗ್ಯಾರಂಟಿ. ಮುಂದೆ ಹೇಳೋದನ್ನೆಲ್ಲ ಮಾಡೋದಾದರೆ ಅದನ್ನು ಮೊದಲೇ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಎರಡು ಸಾಫ್ಟ್‌ವೇರ್‌ಗಳು ಒಂದೇ ಸರ್ವಿಸ್‌ಗೆ ವಿಳಾಸ ಕೊಡೋಕೆ ಎಳೆದಾಡುತ್ತವೆ.

ಈ ಖಾಲಿ ಜಾಗ ತುಂಬೋಕೆ ಬಂದದ್ದು ಮೆಟಲ್‌ಎಲ್‌ಬಿ. ಸಿಲಿಯಂ ಕೂಡ ಈಗ ಇದೇ ಕೆಲಸ ಮಾಡುತ್ತದೆ. ಮೆಟಲ್‌ಎಲ್‌ಬಿಯಲ್ಲಿ ಎರಡು ಮೋಡ್ ಇವೆ. ಮೊದಲನೆಯದು ಲೇಯರ್ 2. ನಿಮ್ಮ ಮನೆ ನೆಟ್‌ವರ್ಕ್‌ನಲ್ಲೇ ಖಾಲಿ ಇರೋ ಒಂದಿಷ್ಟು ವಿಳಾಸ ಕೊಡುತ್ತೀರಿ. 'ಈ ವಿಳಾಸ ಯಾರದು?' ಅಂತ ಯಾರಾದರೂ ಎಆರ್‌ಪಿಯಲ್ಲಿ (ಒಂದೇ ನೆಟ್‌ವರ್ಕ್‌ನೊಳಗೆ ವಿಳಾಸದ ಯಂತ್ರ ಹುಡುಕೋ ಕೂಗಿನಲ್ಲಿ) ಕೇಳಿದಾಗ ಒಂದು ನೋಡ್ 'ನನ್ನದು' ಅನ್ನುತ್ತದೆ. ಆ ನೋಡ್ ಸತ್ತರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ರೂಟರಿನಲ್ಲಿ ಏನೂ ಮಾಡಬೇಕಿಲ್ಲ. ಕಂಪನಿ ಕೊಟ್ಟ ಫೈಬರ್ ಡಬ್ಬಿ ಒಂದೇ ಇರೋ ಮನೆಗೆ ಇದೇ ಸರಿ, ಇದರ ಆಚೆ ಹೋಗಲೇಬೇಕು ಅಂತ ನಾನು ಹೇಳೋದಿಲ್ಲ. ಕೊರತೆ ಇರೋದು ಇಷ್ಟು: ಒಂದು ವಿಳಾಸದ ಎಲ್ಲಾ ಟ್ರಾಫಿಕ್ ಒಂದೇ ನೋಡ್‌ಗೆ ಬರುತ್ತದೆ, ಮಿಕ್ಕವು ಸುಮ್ನೆ ನಿಂತಿರುತ್ತವೆ. ಜೊತೆಗೆ ನೋಡ್‌ಗಳು ಮತ್ತು ಈ ವಿಳಾಸಗಳು ಒಂದೇ ಲೇಯರ್ 2 ನೆಟ್‌ವರ್ಕ್‌ನಲ್ಲೇ ಇರಬೇಕು.

ಎರಡನೆಯದು ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಯಾವ ವಿಳಾಸಕ್ಕೆ ಯಾವ ದಾರಿ ಅಂತ ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳೋ ಭಾಷೆ. ಈ ಲೇಖನ ಇರೋದೇ ಅದಕ್ಕೆ.

ಬಾಗಲಕೋಟೆಯವರಿಗೆ ಇದನ್ನು ತಿಳಿಸೋದು ಸುಲಭ. ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆ ಆದಾಗ ಹಳೇ ಊರಿನ ಎಷ್ಟೋ ಅಂಗಡಿಗಳು ನವನಗರದ ಸೆಕ್ಟರ್‌ಗಳಿಗೆ ಬಂದವು. ಹೆಸರು ಅದೇ, ಮಾಲೀಕರು ಅವರೇ, ಜಾಗ ಮಾತ್ರ ಬೇರೆ. ಗಿರಾಕಿ ತಪ್ಪಬಾರದು ಅಂದರೆ 'ನಾವು ಈಗ ಇಲ್ಲಿದ್ದೀವಿ' ಅಂತ ಅಂಗಡಿಯವರೇ ಹೇಳಿ ಕಳಿಸಬೇಕಿತ್ತು. ಬಿಜಿಪಿ ಮಾಡೋದು ಅದನ್ನೇ. ಸರ್ವಿಸ್‌ನ ವಿಳಾಸ ಬದಲಾಗೋದಿಲ್ಲ. ಅದು ಈಗ ಯಾವ ನೋಡ್‌ನಿಂದ ಸಿಗುತ್ತದೆ ಅಂತ ನೋಡ್‌ಗಳೇ ರೂಟರಿಗೆ ಹೇಳುತ್ತವೆ, ಪರಿಸ್ಥಿತಿ ಬದಲಾದರೆ ಮತ್ತೆ ಹೇಳುತ್ತವೆ. 'ಡೈನಾಮಿಕ್ ರೂಟಿಂಗ್' ಅಂದರೆ ಇಷ್ಟೇ.

ಬಿಜಿಪಿ ಇಡೀ ಇಂಟರ್‌ನೆಟ್ಟನ್ನು ಹೊಲಿದಿಟ್ಟಿರೋ ಪ್ರೋಟೋಕಾಲ್. ಇದರ ಮೊದಲ ರೂಪ 1989ರಲ್ಲಿ ಬಂತು. ಕಿರ್ಕ್ ಲಾಹೀಡ್ ಮತ್ತು ಯಾಕೋವ್ ರೆಕ್ಟರ್ ಊಟದ ಮೇಜಿನ ಮೇಲಿನ ನ್ಯಾಪ್‌ಕಿನ್‌ಗಳಲ್ಲಿ ಅದರ ಮೊದಲ ಚಿತ್ರ ಬರೆದರು. ಇವತ್ತು ನಾವು ಬಳಸೋದು ನಾಲ್ಕನೇ ಆವೃತ್ತಿ, 2006ರ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 4271ರಲ್ಲಿ ವಿವರಿಸಿರೋದು. ಎರಡು ಪೀರ್‌ಗಳು (ಬಿಜಿಪಿ ಮಾತಾಡೋ ಎರಡು ಪಕ್ಷಗಳು) ಟಿಸಿಪಿ ಪೋರ್ಟ್ 179ರಲ್ಲಿ ಒಂದು ಕನೆಕ್ಷನ್ ಮಾಡಿಕೊಳ್ಳುತ್ತವೆ, 'ಈ ವಿಳಾಸಗಳಿಗೆ ನನ್ನ ಮೂಲಕ ದಾರಿ ಇದೆ' ಅಂತ ಹೇಳುತ್ತವೆ, ಇಲ್ಲವಾದಾಗ 'ಆ ದಾರಿ ಈಗ ಇಲ್ಲ' ಅಂತ ವಾಪಸ್ ತೆಗೆದುಕೊಳ್ಳುತ್ತವೆ. ಒಳಗೆ ಇನ್ನೂ ನೂರಾರು ಸೂಕ್ಷ್ಮಗಳಿವೆ, ಮನೆಗೆ ಅವು ಯಾವುವೂ ಬೇಡ. ಪ್ರತಿ ಪಕ್ಷಕ್ಕೂ ಒಂದು ಎಎಸ್ ನಂಬರ್, ಅಂದರೆ ಅದು ಯಾರ ನೆಟ್‌ವರ್ಕ್ ಅಂತ ಗುರುತಿಸೋ ಸಂಖ್ಯೆ ಬೇಕು. ಖಾಸಗಿ ಬಳಕೆಗೆ ಅಂತ 64512ರಿಂದ 65534ರವರೆಗೆ ಬಿಟ್ಟುಕೊಟ್ಟಿದ್ದಾರೆ, ಯಾರನ್ನೂ ಕೇಳದೆ ಅದರಲ್ಲಿ ಯಾವುದನ್ನಾದರೂ ಎತ್ತಿಕೊಳ್ಳಬಹುದು. ರೂಟರಿಗೆ 64512, ಕ್ಲಸ್ಟರಿಗೆ 64513 ಅಂತ ಇಟ್ಟುಕೊಳ್ಳೋಣ.

ಇದೆಲ್ಲ ಯಾಕೆ, ರೂಟರಿನಲ್ಲಿ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ, ತಾನಾಗಿ ಬದಲಾಗದ ದಾರಿ) ಬರೆದರೆ ಸಾಲದೇ ಅಂತ ಕೇಳಬಹುದು. ಬರೆಯಬಹುದು, ಕೆಲಸವೂ ಆಗುತ್ತದೆ. ಸರ್ವಿಸ್‌ಗಳಿಗೆ ಎತ್ತಿಟ್ಟ 192.168.50.0/24ಕ್ಕೆ (50.0ಯಿಂದ 50.255ರವರೆಗಿನ ವಿಳಾಸಗಳಿಗೆ) ಹೋಗೋದೆಲ್ಲ ಮೊದಲ ನೋಡ್‌ಗೆ ಕೊಡು ಅಂತ ಒಂದು ಸಾಲು. ಆದರೆ ಆ ನೋಡ್ ಆಫ್ ಆದಾಗ ಆ ಸಾಲು ಹಾಗೇ ಇರುತ್ತದೆ, ರೂಟರ್ ಸತ್ತ ಯಂತ್ರಕ್ಕೇ ಪ್ಯಾಕೆಟ್ ಕಳಿಸುತ್ತಾ ಇರುತ್ತದೆ. ಬಿಜಿಪಿಯಲ್ಲಿ ಸೆಷನ್ ಬಿದ್ದರೆ ಅದರ ಜೊತೆ ಬಂದ ದಾರಿಗಳೂ ಬೀಳುತ್ತವೆ. ನೀವು ಪಡೆಯೋ ದೊಡ್ಡ ಲಾಭ ಇದು. ವಾಪಸ್ ತೆಗೆದುಕೊಳ್ಳೋದು ಎಷ್ಟು ಪರಿಣಾಮದ ಕೆಲಸ ಅಂತ 2021ರ ಅಕ್ಟೋಬರ್ 4ರಂದು ಇಡೀ ಜಗತ್ತು ನೋಡಿತು. ಫೇಸ್‌ಬುಕ್‌ನ ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳೋ) ಸರ್ವರ್‌ಗಳು ತಮ್ಮ ಡೇಟಾ ಸೆಂಟರ್‌ಗಳ ಜೊತೆ ಸಂಪರ್ಕ ಕಳೆದುಕೊಂಡಾಗ 'ನಾವು ಆರೋಗ್ಯವಾಗಿಲ್ಲ' ಅಂತ ತಮ್ಮ ಬಿಜಿಪಿ ದಾರಿಗಳನ್ನು ತಾವೇ ವಾಪಸ್ ತೆಗೆದುಕೊಂಡವು. ಅವು ಹಾಗೆ ಮಾಡಬೇಕು ಅಂತಲೇ ಬರೆದಿದ್ದರು. ಎಲ್ಲಾ ಸರ್ವರ್‌ಗಳೂ ಒಟ್ಟಿಗೆ ಹಾಗೆ ಮಾಡಿದ್ದರಿಂದ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು 6 ಗಂಟೆ ಯಾರಿಗೂ ಸಿಗಲಿಲ್ಲ.

ಈಗ ಮನೆಯ ನಕ್ಷೆ. ಇದನ್ನು ಕಾಗದದ ಮೇಲೆ ಬರೆದುಕೊಳ್ಳದೆ ಮುಂದೆ ಹೋಗಬೇಡಿ. ಫೋನು, ಟಿವಿ, ಲ್ಯಾಪ್‌ಟಾಪ್ ಇರೋದು 192.168.10.0/24ರಲ್ಲಿ. ಮೂರು ನೋಡ್‌ಗಳು ಬೇರೆ ವಿಲ್ಯಾನ್‌ನಲ್ಲಿ (ಅದೇ ವೈರುಗಳ ಮೇಲೆ ಪ್ರತ್ಯೇಕ ಮಾಡಿದ ನೆಟ್‌ವರ್ಕ್‌ನಲ್ಲಿ), 192.168.20.11, 12 ಮತ್ತು 13. ಸರ್ವಿಸ್‌ಗಳಿಗೆ ಕೊಡೋ ಪೂಲ್ 192.168.50.0/24. ಈ ಮೂರನೆಯದು ಯಾವ ವೈರಿನಲ್ಲೂ ಇಲ್ಲ, ಯಾವ ಇಂಟರ್‌ಫೇಸ್‌ಗೂ ಕೊಟ್ಟಿಲ್ಲ, ಯಂತ್ರಗಳಿಗೆ ತಾನಾಗಿ ವಿಳಾಸ ಹಂಚೋ ಡಿಎಚ್‌ಸಿಪಿಗೂ ಗೊತ್ತಿಲ್ಲ. ರೂಟಿಂಗ್ ಟೇಬಲ್‌ನಲ್ಲಿ ಮಾತ್ರ ಅದು ಇರುತ್ತದೆ.

ಪೂಲನ್ನು ಹೀಗೆ ಬೇರೆ ಇಡೋದು ಯಾಕೆ ಅಂತ ಸರಿಯಾಗಿ ತಿಳಿದುಕೊಳ್ಳಬೇಕು. 192.168.10.200 ಅನ್ನೋ ವಿಳಾಸವನ್ನು ಸರ್ವಿಸ್‌ಗೆ ಕೊಟ್ಟು ಬಿಜಿಪಿಯಲ್ಲಿ ಹೇಳಿದಿರಿ ಅಂತಿಟ್ಟುಕೊಳ್ಳಿ. ಫೋನು ಇರೋದೂ 192.168.10.0/24ರಲ್ಲೇ. ಅದರ ಲೆಕ್ಕದಲ್ಲಿ 200 ಅನ್ನೋದು ಪಕ್ಕದಲ್ಲೇ ಇರೋ ಯಂತ್ರ, ಅದಕ್ಕೆ ರೂಟರ್ ಯಾಕೆ ಬೇಕು? ಫೋನು ಎಆರ್‌ಪಿ ಕೂಗುತ್ತದೆ. ಉತ್ತರ ಕೊಡೋರು ಇಲ್ಲ, ಯಾಕಂದರೆ ಇದು ಲೇಯರ್ 2 ಮೋಡ್ ಅಲ್ಲ. ರೂಟರಿನ ಟೇಬಲ್‌ನಲ್ಲಿ ದಾರಿ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಪ್ಯಾಕೆಟ್ ರೂಟರಿಗೆ ಬರೋದೇ ಇಲ್ಲ. ವಿಳಾಸ ಬೇರೆ ನೆಟ್‌ವರ್ಕ್‌ನದಾದರೆ ಮಾತ್ರ ಫೋನು ಗೇಟ್‌ವೇ ಹತ್ತಿರ ಹೋಗುತ್ತದೆ, ಗೇಟ್‌ವೇಗೆ ಮಾತ್ರ ಬಿಜಿಪಿ ಕಲಿಸಿದ ದಾರಿ ಗೊತ್ತು.

ಬಿಜಿಪಿ ಬರೋ ರೂಟರ್ ಬೇಕು, ಇದೊಂದು ಖರ್ಚು. ಫೈಬರ್ ಜೊತೆ ಬರೋ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇದು ಇರೋದಿಲ್ಲ. ಹಳೇ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಓಪನ್‌ಸೆನ್ಸ್ ಅನ್ನೋ ರೂಟರ್ ಸಾಫ್ಟ್‌ವೇರ್ ಓಡಿಸಿ ಅದರ ಎಫ್‌ಆರ್‌ಆರ್ (ಬಿಜಿಪಿ ಮಾತಾಡೋ ಸಾಫ್ಟ್‌ವೇರ್) ಪ್ಲಗಿನ್ ಹಾಕಬಹುದು, ಮೈಕ್ರೋಟಿಕ್ ಇದ್ದರೆ ಅದರಲ್ಲೇ ಇದೆ, ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರಿನಲ್ಲಿ ಬರ್ಡ್ ಅಥವಾ ಎಫ್‌ಆರ್‌ಆರ್ ಪ್ಯಾಕೇಜ್ ಸಿಗುತ್ತದೆ. ಕಂಪನಿಯ ಡಬ್ಬಿ ಮುಂದೆ ಹಾಗೇ ಇರಲಿ, ನಿಮ್ಮ ರೂಟರ್ ಅದರ ಹಿಂದೆ ಕೂರಲಿ.

ಎಫ್‌ಆರ್‌ಆರ್ ಅಂತಿಟ್ಟುಕೊಂಡು ಹೇಳುತ್ತೇನೆ. ರೂಟರಿನ ಎಎಸ್ 64512 ಅಂತ ಹೇಳಿ, ಮೂರು ನೋಡ್‌ಗಳನ್ನು ನೆರೆಯವರು ಅಂತ ಸೇರಿಸಿ, ಅವರ ಎಎಸ್ 64513 ಅನ್ನಿ. ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳೋ ಜಾಗ ಒಂದಿದೆ. ಸೆಷನ್ ಎದ್ದಿರುತ್ತದೆ, ಆದರೆ ಬಿಜಿಪಿ ಸಮರಿ ತೆಗೆದು ನೋಡಿದರೆ ಎಷ್ಟು ದಾರಿ ಬಂದಿವೆ ಅನ್ನೋ ಕಾಲಂನಲ್ಲಿ ಸಂಖ್ಯೆಯ ಬದಲು 'ಪಾಲಿಸಿ' ಅಂತ ಬರೆದಿರುತ್ತದೆ. ಇದು ಕೆಟ್ಟದ್ದರ ಗುರುತಲ್ಲ. 2017ರ ಆರ್‌ಎಫ್‌ಸಿ 8212 ಪ್ರಕಾರ, ಬೇರೆ ಎಎಸ್‌ನ ನೆರೆಯವರಿಂದ ಏನನ್ನು ಒಪ್ಪಬೇಕು ಅಂತ ನೀವು ಬಾಯಿಬಿಟ್ಟು ಹೇಳೋವರೆಗೆ ರೂಟರ್ ಏನನ್ನೂ ಒಪ್ಪಬಾರದು, ಏನನ್ನೂ ಕೊಡಬಾರದು. ಎಫ್‌ಆರ್‌ಆರ್‌ನ ಈಚಿನ ಆವೃತ್ತಿಗಳು ಇದನ್ನು ಪಾಲಿಸುತ್ತವೆ. ಇದನ್ನು ಆಫ್ ಮಾಡಿ ಅನ್ನೋ ಸಲಹೆ ಎಲ್ಲೆಡೆ ಸಿಗುತ್ತದೆ. ನನ್ನ ಮಾತು ಕೇಳಿ, ಆಫ್ ಮಾಡಬೇಡಿ. ಒಂದು ಪ್ರಿಫಿಕ್ಸ್ ಲಿಸ್ಟ್ ಬರೆಯಿರಿ: 192.168.50.0/24ರೊಳಗಿನ ವಿಳಾಸಗಳು ಬಂದರೆ ಒಪ್ಪು, ಬೇರೆ ಯಾವುದೂ ಬೇಡ. ಕ್ಲಸ್ಟರ್ ಕಡೆಗೆ ಏನನ್ನೂ ಕೊಡೋ ಅಗತ್ಯ ಇಲ್ಲ, ಯಾಕಂದರೆ ನೋಡ್‌ಗಳಿಗೆ ಡೀಫಾಲ್ಟ್ ಗೇಟ್‌ವೇ ಆಗಲೇ ಇದೆ.

ಈ ಫಿಲ್ಟರ್ ಮೇಲೆ ನಾನು ಇಷ್ಟು ಒತ್ತು ಕೊಡೋಕೆ ಕಾರಣ ಇದೆ. ರೂಟರ್ ಯಾವಾಗಲೂ ಹೆಚ್ಚು ನಿಖರವಾದ ದಾರಿಯನ್ನೇ ಆರಿಸುತ್ತದೆ. /24 ಒಂದು ಕಡೆ ಹೇಳುತ್ತಿದ್ದು ಅದರೊಳಗಿನ ಒಂದೇ ಒಂದು ವಿಳಾಸವನ್ನು ಸೂಚಿಸೋ /32 ಇನ್ನೊಂದು ಕಡೆ ಹೇಳಿದರೆ ಗೆಲ್ಲೋದು /32. ಮೆಟಲ್‌ಎಲ್‌ಬಿ ಮತ್ತು ಸಿಲಿಯಂ ಏನೂ ಹೇಳದಿದ್ದರೆ ಕಳಿಸೋದು /32ಗಳನ್ನೇ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಅಂತ 208.65.153.0/24 ಹಾಕಿತು. ಯೂಟ್ಯೂಬ್ ತಾನು ಹೇಳುತ್ತಿದ್ದದ್ದು 208.65.152.0/22. ಆ ಸಣ್ಣ ತುಂಡು ಹೊರಗೆ ಸೋರಿತು, ಮೇಲಿನ ಕಂಪನಿ ಅದನ್ನು ತಡೆಯದೆ ಮುಂದಕ್ಕೆ ಕೊಟ್ಟಿತು, ಜಗತ್ತಿನ ರೂಟರ್‌ಗಳು ಹೆಚ್ಚು ನಿಖರವಾದದ್ದನ್ನು ನಂಬಿದವು. ಸುಮಾರು ಎರಡು ಗಂಟೆ ಯೂಟ್ಯೂಬ್ ಎಷ್ಟೋ ಕಡೆ ಸಿಗಲಿಲ್ಲ. ಮನೆಯಲ್ಲಿ ಪೂಲ್ ಬರೆಯುವಾಗ ಒಂದು ಅಂಕಿ ತಪ್ಪಿ ಟಿವಿಯ ವಿಳಾಸದ /32 ಕ್ಲಸ್ಟರಿನಿಂದ ಬಂದರೆ ರೂಟರ್ ಅದನ್ನೂ ಹಾಗೇ ನಂಬುತ್ತದೆ. ಎರಡು ಸಾಲಿನ ಫಿಲ್ಟರ್ ಇದ್ದರೆ ಆ ಚಿಂತೆ ಇಲ್ಲ.

ಕ್ಲಸ್ಟರ್ ಕಡೆ ಬರೆಯೋದು ಕಡಿಮೆ. ಮೆಟಲ್‌ಎಲ್‌ಬಿಯಲ್ಲಿ ಮೂರು ವಸ್ತುಗಳು: ವಿಳಾಸಗಳ ಪೂಲ್ ಒಂದು, ರೂಟರ್ ಯಾರು ಅಂತ ಹೇಳೋ ಬಿಜಿಪಿ ಪೀರ್ ಒಂದು, ಆ ಪೂಲನ್ನು ಸಾರು ಅಂತ ಹೇಳೋ ಅಡ್ವರ್ಟೈಸ್‌ಮೆಂಟ್ ಒಂದು. ಮೂರನೆಯದನ್ನು ಮರೆತರೆ ಸರ್ವಿಸ್‌ಗೆ ವಿಳಾಸ ಸಿಗುತ್ತದೆ, ರೂಟರಿಗೆ ಸುದ್ದಿ ಮುಟ್ಟೋದಿಲ್ಲ. ಸಿಲಿಯಂನಲ್ಲಿ ಇನ್ನೂ ಒಂದೆರಡು ಹೆಚ್ಚು, ಮತ್ತು ಅವು ಒಂದನ್ನೊಂದು ಲೇಬಲ್ ಮೂಲಕ ಹುಡುಕಿಕೊಳ್ಳುತ್ತವೆ. ಲೇಬಲ್ ಹೊಂದಲಿಲ್ಲ ಅಂದರೆ ಯಾವ ಎರರ್ ಕೂಡ ಬರೋದಿಲ್ಲ, ಸೆಷನ್ ಎದ್ದಿರುತ್ತದೆ, ದಾರಿಗಳ ಸಂಖ್ಯೆ ಸೊನ್ನೆ ಇರುತ್ತದೆ. ಸೊನ್ನೆ ಕಂಡರೆ ಮೊದಲು ಲೇಬಲ್ ನೋಡಿ. ಕೆ3ಎಸ್ ಬದಲು ಕ್ಯೂಬ್‌ಎಡಿಎಂ ಅನ್ನೋ ಸಾಧನದಿಂದ ಮಾಡಿದ ಕ್ಲಸ್ಟರಾದರೆ ಇನ್ನೊಂದು ವಿಷಯ ಇದೆ: ಅದು ಕಂಟ್ರೋಲ್ ಪ್ಲೇನ್ (ಕ್ಲಸ್ಟರನ್ನು ನಡೆಸೋ) ನೋಡ್‌ಗಳಿಗೆ 'ಹೊರಗಿನ ಲೋಡ್ ಬ್ಯಾಲೆನ್ಸರ್‌ನಿಂದ ಕೈಬಿಡು' ಅನ್ನೋ ಅರ್ಥದ ಲೇಬಲ್ ಹಾಕಿರುತ್ತದೆ, ಮೆಟಲ್‌ಎಲ್‌ಬಿ ಅದನ್ನು ಗೌರವಿಸುತ್ತದೆ. ಒಂದೇ ನೋಡ್ ಇರೋ ಕ್ಲಸ್ಟರಿನಲ್ಲಿ ಸಾರೋಕೆ ಯಾರೂ ಉಳಿಯೋದಿಲ್ಲ, ಆ ಲೇಬಲ್ ತೆಗೆಯಬೇಕು.

ಸೆಷನ್ ನೋಡುವಾಗ ಒಂದು ಮಾತು. ಸ್ಥಿತಿ 'ಆ್ಯಕ್ಟಿವ್' ಅಂತ ಇದ್ದರೆ ಕೆಲಸ ಆಗುತ್ತಿದೆ ಅಂತ ಅಂದುಕೊಳ್ಳಬೇಡಿ. ಬಿಜಿಪಿಯಲ್ಲಿ ಆ್ಯಕ್ಟಿವ್ ಅಂದರೆ ಇನ್ನೂ ಕನೆಕ್ಟ್ ಆಗೋಕೆ ಒದ್ದಾಡುತ್ತಿದೆ ಅಂತ. ಬೇಕಾಗಿರೋದು 'ಎಸ್ಟಾಬ್ಲಿಷ್ಡ್'. ಆ್ಯಕ್ಟಿವ್‌ನಲ್ಲೇ ನಿಂತಿದ್ದರೆ 179 ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿದೆಯೇ, ಎಎಸ್ ನಂಬರ್ ಅದಲುಬದಲು ಆಗಿದೆಯೇ, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದೆಯೇ ನೋಡಿ. ಎಲ್ಲ ಸರಿ ಇದ್ದರೆ ರೂಟಿಂಗ್ ಟೇಬಲ್‌ನಲ್ಲಿ ಬಿ ಅಕ್ಷರದ ಮುಂದೆ 192.168.50.10/32 ಕಾಣುತ್ತದೆ, ಅದರ ಕೆಳಗೆ ಮೂರು ನೋಡ್‌ಗಳ ವಿಳಾಸ ಒಂದರ ಕೆಳಗೊಂದು ಇರುತ್ತದೆ. ಮೂರೂ ಸಮಾನ ದಾರಿಗಳು. ಇದಕ್ಕೆ ಇಸಿಎಂಪಿ ಅನ್ನುತ್ತಾರೆ. ರೂಟರ್ ಪ್ರತಿ ಕನೆಕ್ಷನ್‌ನ ವಿಳಾಸಗಳನ್ನು (ಸೆಟ್ಟಿಂಗ್ ನೋಡಿಕೊಂಡು ಪೋರ್ಟ್‌ಗಳನ್ನೂ) ಹ್ಯಾಷ್ ಮಾಡಿ, ಅಂದರೆ ಒಂದು ಲೆಕ್ಕಕ್ಕೆ ಹಾಕಿ, ಮೂರರಲ್ಲಿ ಒಂದನ್ನು ಆರಿಸುತ್ತದೆ, ಹಾಗಾಗಿ ಒಂದು ಕನೆಕ್ಷನ್‌ನ ಪ್ಯಾಕೆಟ್‌ಗಳೆಲ್ಲ ಒಂದೇ ನೋಡ್‌ಗೆ ಹೋಗುತ್ತವೆ. ಒಂದೇ ದಾರಿ ಕಂಡರೆ ರೂಟರಿನಲ್ಲಿ ಮಲ್ಟಿಪಾಥ್ ಆನ್ ಆಗಿಲ್ಲ ಅಂತ ಅರ್ಥ.

ಒಂದು ನೋಡ್ ಹೋದಾಗ ಹ್ಯಾಷ್ ಲೆಕ್ಕವೇ ಬದಲಾಗಬಹುದು. ಆಗ ಉಳಿದ ನೋಡ್‌ಗಳ ಮೇಲಿದ್ದ ಕೆಲವು ಕನೆಕ್ಷನ್‌ಗಳೂ ಬೇರೆ ಕಡೆ ಹೋಗಿ ಕಡಿದು ಬೀಳುತ್ತವೆ. ಬ್ರೌಸರ್ ಮತ್ತೆ ಕನೆಕ್ಟ್ ಮಾಡುತ್ತದೆ, ಮನೆಯವರಿಗೆ ಗೊತ್ತೂ ಆಗೋದಿಲ್ಲ. ದೊಡ್ಡ ವಿಡಿಯೋ ಅಪ್‌ಲೋಡ್ ಆಗುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ.

ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ ಅನ್ನೋ ಒಂದು ಆಯ್ಕೆ ಸರ್ವಿಸ್‌ನಲ್ಲಿ ಇದೆ, ಬಿಜಿಪಿ ಹಾಕಿದ ಮೇಲೆ ಇದರ ನಿಜವಾದ ಉಪಯೋಗ ಕಾಣುತ್ತದೆ. ಏನೂ ಬರೆಯದಿದ್ದರೆ ಅದು 'ಕ್ಲಸ್ಟರ್'. ಆಗ ಮೂರೂ ನೋಡ್‌ಗಳು ವಿಳಾಸವನ್ನು ಸಾರುತ್ತವೆ, ಪಾಡ್ ಇಲ್ಲದ ನೋಡ್‌ಗೆ ಪ್ಯಾಕೆಟ್ ಬಂದರೆ ಅದು ಪಾಡ್ ಇರೋ ನೋಡ್‌ಗೆ ಕಳಿಸುತ್ತದೆ. ಹಾಗೆ ಕಳಿಸುವಾಗ ಕಳಿಸಿದವರ ವಿಳಾಸವನ್ನು ತನ್ನ ವಿಳಾಸಕ್ಕೆ ಬದಲಾಯಿಸುತ್ತದೆ, ಉತ್ತರ ತನ್ನ ಮೂಲಕವೇ ಬರಲಿ ಅಂತ. ಫೋಟೋ ಆ್ಯಪ್‌ಗೆ ಇದರಿಂದ ತೊಂದರೆ ಇಲ್ಲ. ಆಡ್‌ಗಾರ್ಡ್‌ಗೆ ಇದೆ. ಅದರ ಲಾಗ್ ತೆರೆದು ನೋಡಿ, ಮನೆಯ ಎಲ್ಲಾ ಫೋನು, ಟಿವಿಗಳ ಪ್ರಶ್ನೆಗಳು ನೋಡ್‌ಗಳಿಂದಲೇ ಬಂದ ಹಾಗೆ ಕಾಣುತ್ತವೆ. ತಮ್ಮನ ಟ್ಯಾಬ್‌ಗೆ ಮಾತ್ರ ಒಂದು ನಿಯಮ ಹಾಕಬೇಕು ಅಂದರೆ ಯಾವುದು ಅವನದು ಅಂತ ತಿಳಿಯೋದೇ ಇಲ್ಲ. 'ಲೋಕಲ್' ಅಂತ ಬರೆದರೆ ಪಾಡ್ ಇರೋ ನೋಡ್ ಮಾತ್ರ ವಿಳಾಸವನ್ನು ಸಾರುತ್ತದೆ, ಕಳಿಸಿದವರ ವಿಳಾಸ ಹಾಗೇ ಉಳಿಯುತ್ತದೆ. ಪಾಡ್ ಬೇರೆ ನೋಡ್‌ಗೆ ಹೋದರೆ ದಾರಿಯೂ ಅದರ ಹಿಂದೆ ಹೋಗುತ್ತದೆ. ರೂಟರಿನ ಟೇಬಲ್ ತೆರೆದಿಟ್ಟುಕೊಂಡು ಪಾಡನ್ನು ಬೇರೆ ನೋಡ್‌ಗೆ ಕಳಿಸಿ ನೋಡಿ, ಆ /32ರ ಮುಂದಿನ ವಿಳಾಸ 11ರಿಂದ 13ಕ್ಕೆ ತಾನಾಗಿಯೇ ಬದಲಾಗುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಇದೇ.

ನೋಡ್‌ಗಳನ್ನು ಬೇರೆ ವಿಲ್ಯಾನ್‌ನಲ್ಲಿ ಇಡಿ ಅಂದಿದ್ದೆ. ಅದರ ಕಾರಣ ಉತ್ತರ ಬರೋ ದಾರಿ. ಫೋನೂ ನೋಡೂ ಒಂದೇ 192.168.10.0/24ರಲ್ಲಿ ಇದ್ದರೆ ಏನಾಗುತ್ತದೆ ಅಂತ ಹೆಜ್ಜೆ ಹೆಜ್ಜೆ ನೋಡಿ. ಫೋನು 192.168.50.10ಕ್ಕೆ ಮೊದಲ ಪ್ಯಾಕೆಟ್ ಕಳಿಸುತ್ತದೆ. ಅದು ರೂಟರಿಗೆ ಹೋಗುತ್ತದೆ, ರೂಟರ್ ನೋಡ್‌ಗೆ ಕೊಡುತ್ತದೆ. ನೋಡ್ ಉತ್ತರ ಕೊಡಬೇಕು. ಫೋನು ಅದರ ಪಕ್ಕದಲ್ಲೇ ಇದೆ, ಹಾಗಾಗಿ ಉತ್ತರವನ್ನು ರೂಟರಿಗೆ ಕೊಡದೆ ನೇರ ಫೋನಿಗೆ ಕಳಿಸುತ್ತದೆ. ಫೋನು ಮೂರನೇ ಪ್ಯಾಕೆಟನ್ನು ಮತ್ತೆ ರೂಟರಿಗೆ ಕೊಡುತ್ತದೆ. ರೂಟರಿನ ಫೈರ್‌ವಾಲ್ ಮೊದಲನೆಯದನ್ನು ನೋಡಿದೆ, ಎರಡನೆಯದನ್ನು ನೋಡೇ ಇಲ್ಲ, ಈಗ ಮೂರನೆಯದು ಬಂದಿದೆ. 'ಇದು ಯಾವ ಮಾತುಕತೆಯ ಭಾಗ?' ಅಂತ ಅನುಮಾನಿಸಿ ಬಿಸಾಕುತ್ತದೆ. ಪುಟ ಸ್ವಲ್ಪ ಹೊತ್ತು ಸುತ್ತುತ್ತಾ ನಿಲ್ಲುತ್ತದೆ. ಬಿಜಿಪಿ ಟೇಬಲ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗೋದಿಲ್ಲ, ಯಾಕಂದರೆ ಬಿಜಿಪಿಯಲ್ಲಿ ತಪ್ಪೇ ಇಲ್ಲ. ನೋಡ್‌ಗಳು ಬೇರೆ ವಿಲ್ಯಾನ್‌ನಲ್ಲಿದ್ದರೆ ಉತ್ತರವೂ ರೂಟರ್ ಮೂಲಕವೇ ಬರಬೇಕು, ಫೈರ್‌ವಾಲ್ ಎರಡೂ ಕಡೆ ನೋಡುತ್ತದೆ, ಸಮಸ್ಯೆ ಹೋಯಿತು. ವಿಲ್ಯಾನ್ ಬರೋ ಸ್ವಿಚ್ ಇಲ್ಲದಿದ್ದರೆ ಓಪನ್‌ಸೆನ್ಸ್‌ನಲ್ಲಿ ಆ ಒಂದು ನಿಯಮಕ್ಕೆ 'ಸ್ಲಾಪಿ ಸ್ಟೇಟ್' ಆಯ್ಕೆ ಇದೆ. ಕೆಲಸ ಮಾಡುತ್ತದೆ, ಆದರೆ ಫೈರ್‌ವಾಲ್ ಪರೀಕ್ಷೆ ಸಡಿಲ ಆಗುತ್ತದೆ. ಸ್ವಿಚ್‌ಗೆ ಹಣ ಹಾಕೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನು ಸಮಯ. ನೋಡ್ ಸರಿಯಾಗಿ ಶಟ್‌ಡೌನ್ ಆದರೆ ಸೆಷನ್ ಮುಚ್ಚೋ ಸುದ್ದಿ ಕಳಿಸುತ್ತದೆ, ರೂಟರ್ ಆ ಕ್ಷಣವೇ ದಾರಿ ತೆಗೆಯುತ್ತದೆ. ಕರೆಂಟ್ ಹೋಗಿ ಒಮ್ಮೆಲೇ ಸತ್ತರೆ ಹೇಳೋರು ಯಾರು? ಆಗ ಹೋಲ್ಡ್ ಟೈಮರ್ ಮುಗಿಯೋವರೆಗೆ ರೂಟರ್ ಕಾಯುತ್ತದೆ. ಆರ್‌ಎಫ್‌ಸಿ ಸೂಚಿಸೋದು 90 ಸೆಕೆಂಡ್, ಅದರ ಮೂರನೇ ಒಂದರಷ್ಟಕ್ಕೆ ಒಂದು ಕೀಪ್‌ಅಲೈವ್. ಎರಡೂ ಕಡೆ ಬೇರೆ ಬೇರೆ ಇದ್ದರೆ ಚಿಕ್ಕದನ್ನು ಒಪ್ಪಿಕೊಳ್ಳುತ್ತಾರೆ. ಅಂದರೆ ಒಂದೂವರೆ ನಿಮಿಷ ಮನೆಯ ಮೂರರಲ್ಲಿ ಒಂದು ಕನೆಕ್ಷನ್ ಸತ್ತ ನೋಡ್‌ಗೆ ಹೋಗುತ್ತಿರುತ್ತದೆ. ನೋಡ್ ನೇರ ರೂಟರಿಗೆ ಸಿಕ್ಕಿಸಿದ್ದರೆ ಲಿಂಕ್ ಬಿದ್ದದ್ದು ರೂಟರಿಗೇ ಕಾಣುತ್ತದೆ, ನಡುವೆ ಸ್ವಿಚ್ ಇದ್ದರೆ ಕಾಣೋದಿಲ್ಲ, ಸ್ವಿಚ್ ಕಡೆಯ ಲಿಂಕ್ ಚೆನ್ನಾಗೇ ಇರುತ್ತದಲ್ಲ. ಹಾಗಾಗಿ ಹೋಲ್ಡ್ ಟೈಮ್ 9 ಸೆಕೆಂಡ್, ಕೀಪ್‌ಅಲೈವ್ 3 ಅಂತ ಇಡಿ, ಮನೆಗೆ ಇದು ಸರಿಹೋಗುತ್ತದೆ. ಇನ್ನೂ ಬೇಗ ಬೇಕಾದರೆ ಬಿಎಫ್‌ಡಿ ಇದೆ, ಅದು ಒಂದು ಸೆಕೆಂಡಿನೊಳಗೇ ಗುರುತಿಸುತ್ತದೆ, ಆದರೆ ಮೂರು ಮಿನಿ ಪಿಸಿಗೆ ಅಷ್ಟು ಅವಸರ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗೆ ಬಂದು ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಇದಕ್ಕಿಂತ ಮೊದಲು ಒಂದು ಕೆಲಸ ಮಾಡಿ: ನೋಡ್‌ಗಳ ಜೊತೆ ರೂಟರ್ ಮತ್ತು ಸ್ವಿಚ್ ಕೂಡ ಇನ್ವರ್ಟರ್ ಲೈನಿನಲ್ಲೇ ಇವೆಯೇ ನೋಡಿ.

ಪರೀಕ್ಷೆ ಮಾಡುವಾಗ ಪಿಂಗ್ ನಂಬಬೇಡಿ. ಕ್ಯೂಬ್ ಪ್ರಾಕ್ಸಿಯ ಐಪಿಟೇಬಲ್ಸ್ ಮೋಡ್‌ನಲ್ಲಿ 192.168.50.10 ಯಾವ ನೋಡ್‌ನ ಇಂಟರ್‌ಫೇಸ್‌ನಲ್ಲೂ ಇರೋದಿಲ್ಲ, ಆ ವಿಳಾಸದ 443ಕ್ಕೆ ಬಂದದ್ದನ್ನು ಪಾಡ್‌ಗೆ ತಿರುಗಿಸು ಅನ್ನೋ ನಿಯಮ ಅಷ್ಟೇ ಇರುತ್ತದೆ. ಪಿಂಗ್‌ಗೆ ಆ ನಿಯಮ ಹೊಂದೋದಿಲ್ಲ, ನೋಡ್ ಅದನ್ನು ತನ್ನ ಗೇಟ್‌ವೇಗೆ ವಾಪಸ್ ಕೊಡುತ್ತದೆ, ಗೇಟ್‌ವೇ ಮತ್ತೆ ನೋಡ್‌ಗೆ, ಹೀಗೆ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನೋ ಎಣಿಕೆ) ಮುಗಿಯೋವರೆಗೂ ಓಡಾಡುತ್ತದೆ. 'ಟೈಮ್ ಟು ಲಿವ್ ಎಕ್ಸೀಡೆಡ್' ಅಂತ ಬಂದರೆ ಗಾಬರಿ ಬೇಡ. ಕರ್ಲ್‌ನಿಂದ ಸರ್ವಿಸ್‌ನ ಪೋರ್ಟನ್ನೇ ಕೇಳಿ, ಉತ್ತರ ಬಂದರೆ ಸಾಕು. ತೆರೆದಿಲ್ಲದ ಪೋರ್ಟ್‌ಗಳಿಗೂ ಇದೇ ಓಡಾಟ ನಡೆಯುತ್ತದೆ, ಹಾಗಾಗಿ ರೂಟರಿನ ಫೈರ್‌ವಾಲ್‌ನಲ್ಲಿ 192.168.50.0/24ಕ್ಕೆ ನಿಮ್ಮ ಸರ್ವಿಸ್‌ಗಳು ಬಳಸೋ 53, 80, 443ರಂಥ ಪೋರ್ಟ್‌ಗಳನ್ನಷ್ಟೇ ಬಿಡಿ, ಮಿಕ್ಕದ್ದು ಮುಚ್ಚಿ.

ಇದರಿಂದ ಮನೆ ಇಂಟರ್‌ನೆಟ್‌ಗೆ ತೆರೆದುಕೊಳ್ಳುತ್ತದಾ ಅಂತ ತುಂಬಾ ಜನ ಹೆದರುತ್ತಾರೆ. ಇಲ್ಲ. ಈ ಬಿಜಿಪಿ ಮಾತುಕತೆ ನಿಮ್ಮ ರೂಟರ್ ಮತ್ತು ನೋಡ್‌ಗಳ ನಡುವೆ ಮಾತ್ರ, ಇಂಟರ್‌ನೆಟ್ ಕಂಪನಿಯ ಜೊತೆ ಅಲ್ಲ. 192.168ರಿಂದ ಶುರುವಾಗೋ ಖಾಸಗಿ ವಿಳಾಸಗಳಿಗೆ ಹೊರಗಿನಿಂದ ದಾರಿ ಇರೋದಿಲ್ಲ. ಸಾಮಾನ್ಯ ಮನೆ ಕನೆಕ್ಷನ್‌ಗಳಲ್ಲಿ ರೂಟರಿಗೆ ಸಿಗೋದೂ ಎಷ್ಟೋ ಸಲ 100.64.0.0/10ರೊಳಗಿನ, ನೂರಾರು ಮನೆಗಳು ಹಂಚಿಕೊಂಡ ನ್ಯಾಟ್‌ನ ಹಿಂದಿನ ವಿಳಾಸ. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಇದ್ದಾಗ ಮನೆಯ ಫೋಟೋ ನೋಡಬೇಕಾದರೆ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂಥ ವಿಪಿಎನ್ ಬೇಕು, ಅದು ಬೇರೆ ವಿಷಯ. ಅಲ್ಲೂ 192.168.50.0/24 ಅಂತ ಒಂದೇ ರೂಟ್ ಸೇರಿಸಿದರೆ ಎಲ್ಲಾ ಸರ್ವಿಸ್ ಸಿಗುತ್ತವೆ.

ಪ್ರತಿ ಆ್ಯಪ್‌ಗೂ ಒಂದು ವಿಳಾಸ ಕೊಡೋ ಹುಮ್ಮಸ್ಸು ಬರುತ್ತದೆ, ಬೇಕಾಗಿಲ್ಲ. ವೆಬ್ ಆ್ಯಪ್‌ಗಳಿಗೆಲ್ಲ ಟ್ರಾಫಿಕ್‌ನಂಥ ಒಂದು ಇಂಗ್ರೆಸ್ (ಎಲ್ಲಾ ವೆಬ್ ಆ್ಯಪ್‌ಗಳಿಗೂ ಒಂದೇ ಮುಂಬಾಗಿಲು) ಮುಂದಿಟ್ಟು ಅದಕ್ಕೆ 192.168.50.10 ಕೊಡಿ, ಹೆಸರು ನೋಡಿ ಅದೇ ಹಂಚುತ್ತದೆ. ಟ್ರಾಫಿಕ್ ಇಲ್ಲಿ ಆ ಸಾಫ್ಟ್‌ವೇರ್‌ನ ಹೆಸರು. ಡಿಎನ್‌ಎಸ್‌ಗೆ ಬೇರೆಯದು, ಸ್ಮಾರ್ಟ್ ಸಾಧನಗಳು ಸಂದೇಶ ಕಳಿಸೋ ಎಂಕ್ಯೂಟಿಟಿಗೆ ಬೇರೆಯದು, ಅಷ್ಟು ಸಾಕು. ವಿಳಾಸಗಳನ್ನು ಸರ್ವಿಸ್‌ನಲ್ಲೇ ಗಟ್ಟಿಯಾಗಿ ಬರೆದಿಡಿ, ಪೂಲಿನಿಂದ ಸಿಕ್ಕಿದ್ದು ಸಿಗಲಿ ಅಂತ ಬಿಟ್ಟರೆ ಕ್ಲಸ್ಟರ್ ಮತ್ತೆ ಕಟ್ಟಿದ ದಿನ ಡಿಎನ್‌ಎಸ್ ವಿಳಾಸ ಬದಲಾಗಿ ಮನೆಯವರೆಲ್ಲ ನಿಮ್ಮನ್ನೇ ಕೇಳುತ್ತಾರೆ. ಡಿಎನ್‌ಎಸ್ ಕ್ಲಸ್ಟರಿನೊಳಗೇ ಇದ್ದರೆ ನೋಡ್‌ಗಳಿಗೆ ಮಾತ್ರ ರೂಟರಿನ ಡಿಎನ್‌ಎಸ್ ಕೊಡಿ. ಇಲ್ಲದಿದ್ದರೆ ಕರೆಂಟ್ ಬಂದು ನೋಡ್‌ಗಳು ಏಳುವಾಗ ಇಮೇಜ್ ಎಳೆಯೋಕೆ ಹೆಸರು ಬೇಕು, ಹೆಸರು ಹೇಳೋ ಪಾಡ್ ಇನ್ನೂ ಎದ್ದಿಲ್ಲ ಅನ್ನೋ ಸ್ಥಿತಿ ಬರುತ್ತದೆ.

ಇಲ್ಲಿನ ಇಂಜಿನಿಯರಿಂಗ್ ಓದೋ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಲೇಬೇಕು. ಬಿಜಿಪಿ ನಿಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯ ಇರಬಹುದು, ಆದರೆ ಪರೀಕ್ಷೆಗೆ ಬರೆದು ಮುಗಿಸೋ ವಿಷಯ ಅಲ್ಲ. ಯಂತ್ರಗಳೂ ಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್‌ನಲ್ಲಿ ಎಫ್‌ಆರ್‌ಆರ್‌ನ ಒಂದು ಕಂಟೇನರ್ ರೂಟರಾಗಿ ಎಬ್ಬಿಸಿ, ಕೈಂಡ್‌ನಲ್ಲಿ (ಕಂಟೇನರ್‌ಗಳನ್ನೇ ನೋಡ್ ಮಾಡೋ ಸಾಧನದಲ್ಲಿ) ಮೂರು ನೋಡ್‌ಗಳ ಕ್ಲಸ್ಟರ್ ಮಾಡಿ, ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕ್‌ಗೆ ಸೇರಿಸಿ ಮೆಟಲ್‌ಎಲ್‌ಬಿ ಹಾಕಿ. ಪೋರ್ಟ್ 179ರ ಮೇಲೆ ಪ್ಯಾಕೆಟ್‌ಗಳನ್ನು ತೋರಿಸೋ ಟಿಸಿಪಿಡಂಪ್ ಬಿಟ್ಟು ಒಂದು ನೋಡ್ ಕಂಟೇನರನ್ನು ಸರಿಯಾಗಿ ನಿಲ್ಲಿಸಿ. ಆಮೇಲೆ ಇನ್ನೊಂದನ್ನು ಪಾಝ್ (pause) ಮಾಡಿ, ಅಂದರೆ ಪ್ರಾಣ ಇದ್ದೂ ಮಾತಾಡದ ಹಾಗೆ ಮಾಡಿ. ಮೊದಲನೆಯದರ ದಾರಿ ಟೇಬಲ್‌ನಿಂದ ತಕ್ಷಣ ಹೋಗುತ್ತದೆ, ಎರಡನೆಯದು ಹೋಲ್ಡ್ ಟೈಮರ್ ಮುಗಿಯೋವರೆಗೆ ಅಲ್ಲೇ ಇರುತ್ತದೆ. ಟೈಮರನ್ನು 90ರಿಂದ 9ಕ್ಕೆ ಇಳಿಸಿ ಇದನ್ನೇ ಇನ್ನೊಮ್ಮೆ ಮಾಡಿ ನೋಡಿ.